ಅಂಕ ಬೇಡ, ಆಟ ಹೇಳಿ

ಮಂಡ್ಯದ ಓದುಗರೊಬ್ಬರ ಪತ್ರದ ಸಾರ: “ಮೂವತ್ತು ವರ್ಷಗಳಿಂದ ವಿಡಿಯೊ ಗೇಮ್ ಆಡುತ್ತಿದ್ದೇನೆ. ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಮಾರಿಯೊ, ಕಾಂಟ್ರಾಗಳ ಸೊಗಸು ಇಂದಿನ ದುಬಾರಿ ಗೇಮ್‌ಗಳಲ್ಲಿ ಇಲ್ಲ, ಬರೀ ಥಳಕು. ಆದರೂ ವಿಮರ್ಶಕರು ಎಲ್ಲಕ್ಕೂ ಹತ್ತಕ್ಕೆ ಒಂಬತ್ತು ಕೊಡುತ್ತಾರೆ. ನೀವು ಸಿನಿಮಾ, ನಾಟಕ, ಪುಸ್ತಕಗಳ ವಿಮರ್ಶೆ ಪ್ರಕಟಿಸುತ್ತೀರಿ. ಪ್ರಾಮಾಣಿಕವಾಗಿ ಸ್ಟಾರ್ ಕೊಡುವ ಗೇಮ್ ವಿಮರ್ಶೆಯ ಅಂಕಣವನ್ನು ಏಕೆ ಆರಂಭಿಸಬಾರದು? ನಾನು ಹೈಸ್ಕೂಲ್ ಶಿಕ್ಷಕ. ದಯವಿಟ್ಟು ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಮೇಷ್ಟ್ರೇ, ಅಂಕಣ ಆರಂಭಿಸೋಣ. ಸ್ಟಾರ್ ಮಾತ್ರ ಕೊಡುವುದಿಲ್ಲ.

ಹೊಸ ಗೇಮ್ ಒಂದಕ್ಕೆ ಐದು ಸಾವಿರದ ಹತ್ತಿರ ಹಣ ಸುರಿಯಬೇಕಾದವರು ಕೊಳ್ಳಲೋ ಬೇಡವೋ ಎಂಬುದನ್ನು ಒಂದೇ ಮಾತಿನಲ್ಲಿ ತಿಳಿಯಬಯಸುವುದು ಸಹಜ, ಒಪ್ಪುತ್ತೇನೆ. ಆದರೆ ಆ ಒಂದು ಅಂಕೆ ಎಂತಹ ಅನಾಹುತ ಮಾಡಿದೆ ನೋಡಿ. 2010ರಲ್ಲಿ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಗೇಮ್ ಬಂತು. ಅದನ್ನು ರೂಪಿಸಿದ ಒಬ್ಸಿಡಿಯನ್ ತಂಡಕ್ಕೆ ಬೋನಸ್ ಸಿಗಬೇಕಾದರೆ ‘ಮೆಟಾಕ್ರಿಟಿಕ್’ ಜಾಲತಾಣ ಕೂಡಿಸುವ ವಿಮರ್ಶೆಗಳ ಸರಾಸರಿ ನೂರಕ್ಕೆ 85 ಮುಟ್ಟಬೇಕಿತ್ತು. ಬಂದದ್ದು 84. ವಿಮರ್ಶಕರು ಅವಸರದಲ್ಲಿ ಬರೆದ ಅಂಕೆಗಳ ಸರಾಸರಿ ಒಂದು ಕೂದಲೆಳೆ ಕೆಳಗಿಳಿದದ್ದಕ್ಕೆ ಒಂದೂವರೆ ವರ್ಷ ದುಡಿದವರ ಬೋನಸ್ ಹೋಯಿತು. ಇದನ್ನು ವಿಮರ್ಶೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ನೀವು ಹೇಳುವ ‘ಹತ್ತಕ್ಕೆ ಒಂಬತ್ತು’. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಬಿಡುಗಡೆಯಾದಾಗ ಮುಂಚಿತವಾಗಿ ವಿಮರ್ಶಕರ ಕೈಗೆ ಕೊಟ್ಟಿದ್ದು ಕಂಪ್ಯೂಟರ್ ಆವೃತ್ತಿಯನ್ನು ಮಾತ್ರ. ಹೊಗಳಿಕೆ ಹರಿಯಿತು. ಸೋನಿ ಕಂಪನಿಯ ಹಳೆಯ ಪ್ಲೇಸ್ಟೇಷನ್‌ಗಾಗಿ ಕೊಂಡವರ ಪಾಡು ಬೇರೆಯೇ ಆಗಿತ್ತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಮಳಿಗೆಯಿಂದ ತೆಗೆದು ಹಾಕಿ, ಹಣ ಹಿಂದಿರುಗಿಸುವುದಾಗಿ ಹೇಳಬೇಕಾಯಿತು. ‘ನಾನು ಆಡಿದ್ದು ಯಾವ ಯಂತ್ರದಲ್ಲಿ, ಎಲ್ಲಿಯವರೆಗೆ’ ಎಂಬ ಒಂದು ಸಾಲು ವಿಮರ್ಶೆಯ ನೆತ್ತಿಯ ಮೇಲೆ ಎದ್ದುಕಾಣುವಂತೆ ಇದ್ದಿದ್ದರೆ ಎಷ್ಟೋ ಜನರ ಹಣ ಉಳಿಯುತ್ತಿತ್ತು. ಅಂಕ ಆ ಸಾಲನ್ನು ನುಂಗಿಹಾಕುತ್ತದೆ. ಅಂಕ ಕಂಡ ಮೇಲೆ ಸಾಲುಗಳನ್ನು ಓದುವವರು ಯಾರು? ಉತ್ತರ ಪತ್ರಿಕೆ ತಿದ್ದಿ ಕೊಡುವ ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಆಟದ ಬಗ್ಗೆ ಹೇಗೆ ಮಾತನಾಡಬೇಕು ಎಂಬುದು ನಮ್ಮವರಿಗೆ ಗೊತ್ತಿಲ್ಲವೆಂದಲ್ಲ. ದಸರೆಯ ನಾಡಕುಸ್ತಿ ಮುಗಿದ ಮೇಲೆ ದೊಡ್ಡಕೆರೆ ಮೈದಾನದ ಆಚೆ ಚಹಾ ಕುಡಿಯುತ್ತ ನಿಂತ ಹಿರಿಯ ಪೈಲ್ವಾನರ ಮಾತಿಗೆ ಕಿವಿಗೊಡಿ. ಯಾರು ಮೊದಲು ಕೈ ಹಾಕಿದ, ಯಾವ ಪಟ್ಟು ಹಿಡಿದ, ಅದು ಎಲ್ಲಿ ಸಡಿಲವಾಯಿತು, ಎದುರಾಳಿಯ ಉಸಿರು ಯಾವಾಗ ಕಟ್ಟಿತು ಎಂದು ಬಿಡಿಸಿ ಬಿಡಿಸಿ ಹೇಳುತ್ತಾರೆ. ಜೊತೆಯಲ್ಲಿದ್ದವರು ತಕರಾರು ತೆಗೆಯುತ್ತಾರೆ. ‘ಆ ಜೋಡಿಗೆ ಹತ್ತಕ್ಕೆ ಏಳು’ ಎಂದವರನ್ನು ಅಲ್ಲಿ ಯಾರೂ ಎರಡನೆಯ ಸಲ ಮಾತನಾಡಿಸುವುದಿಲ್ಲ.

ವಿಡಿಯೊ ಗೇಮ್ ವಿಮರ್ಶೆಯೂ ಹಾಗೆಯೇ ಇರಬೇಕೆಂಬುದು ನನ್ನ ಹಠ. ಜಪಾನಿನ ತೊಮೊಹಿರೊ ನಿಶಿಕಾಡೊ 1978ರಲ್ಲಿ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ತೆಗೆದುಕೊಳ್ಳಿ. ಶತ್ರುಗಳನ್ನು ಉರುಳಿಸುತ್ತ ಹೋದಂತೆ ಉಳಿದವರ ವೇಗ ಹೆಚ್ಚುತ್ತದೆ. ಪರದೆಯ ಮೇಲೆ ಬರೆಯಬೇಕಾದ ಚಿತ್ರಗಳು ಕಡಿಮೆಯಾದಷ್ಟೂ ಆ ಕಾಲದ ಬಡ ಯಂತ್ರಕ್ಕೆ ಕೆಲಸ ಹಗುರವಾಗುತ್ತಿತ್ತು, ಅಷ್ಟೇ. ಅದನ್ನು ಸರಿಪಡಿಸದೆ ಹಾಗೆಯೇ ಉಳಿಸಿಕೊಂಡದ್ದರಲ್ಲಿ ನಿಶಿಕಾಡೊ ಅವರ ಜಾಣ್ಮೆ ಇದೆ. ಗೆಲುವು ಹತ್ತಿರವಾದಷ್ಟೂ ಅಂಗೈ ಬೆವರುತ್ತದೆ! ನಿಮ್ಮ ಪ್ರೀತಿಯ ಮಾರಿಯೊ 1985ರಲ್ಲಿ ಮೊದಲ ಹಂತದಲ್ಲೇ ಏನು ಮಾಡಿತು? ಒಂದು ಸೂಚನೆಯ ಸಾಲೂ ಇಲ್ಲ. ಎದುರಿಗೆ ಬರುವ ಪುಟ್ಟ ಪ್ರಾಣಿ ಮುಟ್ಟಿದರೆ ಸಾವು, ಆದ್ದರಿಂದ ಹಾರುತ್ತೀರಿ. ತಲೆಯ ಮೇಲಿನ ಪೆಟ್ಟಿಗೆಗೆ ಗುದ್ದಿದರೆ ಅಣಬೆ ಹೊರಬಂದು ಉರುಳುತ್ತದೆ, ಮುಂದಿನ ಕೊಳವೆಗೆ ಬಡಿದು ನಿಮ್ಮ ಕಡೆಗೇ ತಿರುಗುತ್ತದೆ. ತಪ್ಪಿಸಿಕೊಳ್ಳಲು ಹೋಗಿ ಮುಟ್ಟುತ್ತೀರಿ, ದೊಡ್ಡವರಾಗುತ್ತೀರಿ. ಮಕ್ಕಳಿಗೆ ಗೊತ್ತೇ ಆಗದಂತೆ ಪಾಠ ಕಲಿಸುವುದನ್ನು ಮಾರಿಯೊವನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರಿಂದ ನಮ್ಮ ಪಠ್ಯಪುಸ್ತಕ ಸಮಿತಿಗಳೂ ಕಲಿಯಬಹುದು. ಇಷ್ಟನ್ನು ಬರೆದು ತೋರಿಸಿದ ಮೇಲೆ ನಾಲ್ಕು ಸ್ಟಾರ್ ಅಂಟಿಸಿ ಸಾಧಿಸುವುದೇನು?

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಕಿವಿ ಹಿಂಡಬೇಕು. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಥಳಕು ಎನ್ನುತ್ತೀರಿ. 1982ರಲ್ಲಿ ಅಟಾರಿ ಕಂಪನಿ ಒಂದು ಜನಪ್ರಿಯ ಸಿನಿಮಾದ ಹೆಸರಿನಲ್ಲಿ ಸುಮಾರು ಐದೇ ವಾರಗಳಲ್ಲಿ ಗೇಮ್ ಮಾಡಿಸಿ, ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು ಮರುವರ್ಷ ಅಮೆರಿಕದ ಆಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿತು. 2014ರಲ್ಲಿ ಅಗೆದಾಗ ಅವು ಸಿಕ್ಕವು ಕೂಡ. ಅದೂ ಹಳೆಯ ಕಾಲವೇ. ಇತ್ತ 2023ರಲ್ಲಿ ಬಂದ ‘ವೆಣ್ಬಾ’ ಆಡಿ ನೋಡಿ. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬ, ತಾಯಿಯಿಂದ ಬಂದ, ಅಲ್ಲಲ್ಲಿ ಅಳಿಸಿಹೋದ ಅಡುಗೆ ಪುಸ್ತಕ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕೆಂದು ನೀವೇ ಕಂಡುಕೊಳ್ಳಬೇಕು. ಒಂದು ಸಂಜೆಯಲ್ಲಿ ಮುಗಿಯುತ್ತದೆ. ನಮ್ಮ ನೆರೆಯವರ ಅಡುಗೆಮನೆ ಗೇಮ್ ಆಗಿ ಲೋಕವನ್ನು ಸುತ್ತಿ ಬಂದಿದೆ, ಕನ್ನಡದಲ್ಲಿ ಅದರ ಬಗ್ಗೆ ನಾಲ್ಕು ಪುಟಗಳ ಬರಹವೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಏಕೆಂದರೆ ನಿಮ್ಮಂತಹವರು ಹೆಸರು ಮುಚ್ಚಿಟ್ಟುಕೊಳ್ಳುತ್ತೀರಿ. ಮೇಷ್ಟ್ರು ಗೇಮ್ ಆಡುತ್ತಾರೆಂದು ಗೊತ್ತಾದರೆ ಮರ್ಯಾದೆ ಹೋಗುತ್ತದೆಯೇ? ನೀವಿರುವುದು ಹಳೆಯ ಮೈಸೂರು ಸೀಮೆಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಮಣೆಯಾಟಗಳನ್ನು ರೂಪಿಸಿದವರು. ಒಂದು ಮನೆಯನ್ನೂ ಎರಡು ಸಲ ತುಳಿಯದೆ ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ನಡೆಸುವ ಲೆಕ್ಕವನ್ನು ಬಿಡಿಸಿದವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳ ಧ್ಯಾನಶ್ಲೋಕಗಳ ಜೊತೆಗೆ ಆಟಗಳಿಗೆಂದೇ ‘ಕೌತುಕನಿಧಿ’ ಇದೆ. ದೇವರಿಗೆ ಕೊಟ್ಟ ಗ್ರಂಥದಲ್ಲೇ ಅರಸರು ಆಟಕ್ಕೂ ಜಾಗ ಕೊಟ್ಟರು, ನಾವು ವಾರಪತ್ರಿಕೆಯಲ್ಲಿ ಒಂದು ಪುಟ ಕೊಡಲು ಹಿಂಜರಿಯುತ್ತೇವೆ.

ಆಡದೆಯೇ ತೀರ್ಪು ಕೊಡುವವರಿಗಂತೂ ಕೊರತೆಯಿಲ್ಲ. ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ 2010ರಲ್ಲಿ ವಿಡಿಯೊ ಗೇಮ್ ಎಂದಿಗೂ ಕಲೆಯಾಗದು ಎಂದರು. ಕೆಲವೇ ತಿಂಗಳಲ್ಲಿ, ನೋಡದ ಸಿನಿಮಾದ ಬಗ್ಗೆ ಬರೆಯದ ತಾನು ಆಡದ ಗೇಮ್‌ಗಳ ಬಗ್ಗೆ ಬರೆಯಬಾರದಿತ್ತು ಎಂದು ಒಪ್ಪಿಕೊಂಡರು. ಅಷ್ಟು ದೊಡ್ಡತನ ನಮ್ಮಲ್ಲಿ ಅಪರೂಪ. ನಮ್ಮ ಪುಸ್ತಕ ಲೋಕವನ್ನೇ ನೋಡಿ. ಮುನ್ನುಡಿಯಲ್ಲಿ ಹೊಗಳಿಕೆ, ಬೆನ್ನುಡಿಯಲ್ಲಿ ಹೊಗಳಿಕೆ, ಬಿಡುಗಡೆ ಸಮಾರಂಭದಲ್ಲಿ ಶಾಲು ಹೊದಿಸಿ ಇನ್ನಷ್ಟು ಹೊಗಳಿಕೆ. ಮೂರನೆಯ ಅಧ್ಯಾಯ ಸೊರಗಿದೆ ಎಂದು ಕಾರಣ ಕೊಟ್ಟು ಬರೆದ ಯುವ ವಿಮರ್ಶಕಿಯ ಮೇಲೆ ಮುನಿಸಿಕೊಂಡು ಲೇಖಕರೊಬ್ಬರು ನಮ್ಮ ಕಚೇರಿಗೆ ಬರುವುದನ್ನೇ ಬಿಟ್ಟರು. ಸ್ಟಾರ್ ಕೊಟ್ಟು ಕೈತೊಳೆದುಕೊಳ್ಳುವುದು ಈ ಮುನಿಸಿನ ಭಯಕ್ಕೆ ಸಿಕ್ಕ ಸುಲಭ ದಾರಿ. ಕಾರಣ ಕೊಡದ ಹೊಗಳಿಕೆಯಿಂದ ಯಾವ ಲೇಖಕನೂ, ಯಾವ ಗೇಮ್ ತಯಾರಕನೂ ಒಂದು ಅಕ್ಷರ ಕಲಿತದ್ದಿಲ್ಲ.

ಆದ್ದರಿಂದ ಅಂಕಣದ ಮೊದಲ ಬರಹ ನಿಮ್ಮದೇ ಆಗಲಿ. ಹೊಸದೋ ಹಳೆಯದೋ, ನೀವು ಕೊನೆಯವರೆಗೂ ಆಡಿದ ಒಂದು ಗೇಮ್ ಆರಿಸಿಕೊಳ್ಳಿ. ಯಾವ ಯಂತ್ರದಲ್ಲಿ ಆಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಎಲ್ಲಿ ಬೇಸರವಾಯಿತು, ಯಾವ ಘಳಿಗೆಯಲ್ಲಿ ರಾತ್ರಿ ಊಟ ಮರೆತಿರಿ, ಎಲ್ಲವನ್ನೂ ಬರೆಯಿರಿ. ಸಾವಿರ ಪದಗಳಾದರೂ ಪರವಾಗಿಲ್ಲ. ಕೆಳಗೆ ನಿಮ್ಮ ಪೂರ್ಣ ಹೆಸರು, ಶಿಕ್ಷಕರು, ಮಂಡ್ಯ ಎಂದು ಇರಲಿ. ಈ ಬಾರಿ ಹೆಸರು ಹಾಕಿಯೇ ಪ್ರಕಟಿಸುತ್ತೇನೆ.