ಕಡಲಾಮೆಗೆ ಅದೇ ದಂಡೆ ಯಾಕೆ ಬೇಕು?

ಪ್ರಶ್ನೆ: ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಬಂದರು ಕಟ್ಟುತ್ತಾರಂತೆ. ಅಲ್ಲಿ ಮೊಟ್ಟೆ ಇಡುವ ಕಡಲಾಮೆಗೆ ತೊಂದರೆ ಎನ್ನುತ್ತಾರೆ. ಮೊಟ್ಟೆಗಳನ್ನು ಎತ್ತಿ ಬೇರೆ ದಂಡೆಯಲ್ಲಿ ಹೂತರೆ ಸಾಕಲ್ವಾ ಅಂತ ಮಗಳು ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ.
– ಓದುಗರೊಬ್ಬರು, ಗಂಗಾವತಿ

ಉತ್ತರ: ಎತ್ತಿ ಹೂಳುವುದು ಆಗದ ಕೆಲಸವಲ್ಲ ತಂಗಿ. ನಾಯಿ ಕಾಟ ಇರುವ ಕಡೆ ಹಾಗೆ ಮಾಡುತ್ತಾರೆ. ಆದರೆ ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಎತ್ತಬೇಕು. ತಡವಾಗಿ ಮುಟ್ಟಿ, ಮೊಟ್ಟೆ ಮಗುಚಿದರೆ ಒಳಗಿನ ಜೀವ ಉಳಿಯುವುದು ಕಷ್ಟ. ಮರಳಿನ ಬಿಸಿಯನ್ನೂ ನೋಡಬೇಕು. ಜಾಸ್ತಿ ಕಾದರೆ ಹೆಣ್ಣು ಮರಿಗಳೇ ಹೆಚ್ಚು, ತಂಪಾದರೆ ಗಂಡು.

ಇಷ್ಟು ಮಾಡಿದರೂ ತಾಯಿ ಆಮೆ ಎಲ್ಲಿಗೆ ಹೋಗಬೇಕು? ಅಲ್ಲಿಗೆ ಬರುವುದು ಲೆದರ್‌ಬ್ಯಾಕ್, ಜಗತ್ತಿನ ಅತಿ ದೊಡ್ಡ ಆಮೆ. ನಿಮ್ಮ ಕಡೆಯ ಐದಾರು ಚೀಲ ಭತ್ತದಷ್ಟು ತೂಕ. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ಬರೀ ತೊಗಲು. ಅದಕ್ಕೇ ಬಂಡೆ ಇಲ್ಲದ, ಆಳ ನೀರಿನಿಂದ ಸೀದಾ ಹತ್ತಲು ಬರುವ ಮರಳು ಬೇಕು. ಒಂದೇ ಹಂಗಾಮಿನಲ್ಲಿ ಸುಮಾರು ಹತ್ತು ದಿನಕ್ಕೊಮ್ಮೆ, ಹಲವು ಸಲ, ರಾತ್ರಿ ಹೊತ್ತು ಮೇಲೆ ಬರುತ್ತದೆ. ಎರಡು ತಿಂಗಳಿಗೆ ಮರಿಗಳು ಹೊರಬಿದ್ದು ಬೆಳಕಿನ ಕಡೆ ಹರಿಯುತ್ತವೆ. ಕತ್ತಲ ದಂಡೆಯಲ್ಲಿ ಬೆಳಕೆಂದರೆ ಕಡಲು. ಬಂದರಿನ ದೀಪ ರಾತ್ರಿಯೆಲ್ಲ ಉರಿದರೆ ಅವು ಕಡಲಿಗೆ ಬೆನ್ನು ಹಾಕಿ ನಡೆಯುತ್ತವೆ.

ನಮ್ಮ ಅಜ್ಜಿಯ ಊರು ತುಂಗಭದ್ರಾ ಡ್ಯಾಮಿನಲ್ಲಿ ಮುಳುಗಿತು. ಸರಕಾರ ಬೇರೆ ಜಾಗ ಕೊಟ್ಟಿತ್ತು. ಆದರೂ ಬೇಸಿಗೆಯಲ್ಲಿ ನೀರು ಇಳಿದಾಗ ಅವಳು ಅಲ್ಲಿಗೆ ಹೋಗುತ್ತಿದ್ದಳು. ಒಮ್ಮೆ ನನ್ನನ್ನೂ ಕರೆದೊಯ್ದಳು. ಬಿರುಕು ಬಿಟ್ಟ ಕೆಸರಿನಲ್ಲಿ ನಿಂತು, 'ಇಲ್ಲೇ ನಮ್ಮ ಬಾಗಿಲಿತ್ತು' ಅಂದಳು. ಆಮೆಯ ಸುದ್ದಿ ಓದಿದಾಗಲೆಲ್ಲ ನನಗೆ ಆ ಕೆಸರು ನೆನಪಾಗುತ್ತದೆ.

2004ರ ಸುನಾಮಿ ಗಲಾಥಿಯಾದ ದಂಡೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ವರ್ಷಗಳು ಕಳೆದಂತೆ ಮರಳು ಮತ್ತೆ ಕೂಡಿತು, ಆಮೆಗಳೂ ತಿರುಗಿ ಬಂದವು. ಆದರೆ 2021ರ ಜನವರಿಯಲ್ಲಿ ಆ ಕೊಲ್ಲಿಯ ವನ್ಯಜೀವಿ ಧಾಮದ ರಕ್ಷಣೆಯನ್ನು ತೆಗೆದರು. 2022ರ ನವೆಂಬರಿನಲ್ಲಿ ಯೋಜನೆಗೆ ಪರಿಸರ ಅನುಮತಿಯೂ ಸಿಕ್ಕಿತು. ನನಗಂತೂ ಇದು ತಪ್ಪು ಅನಿಸುತ್ತದೆ. ಬಂದರು ಎಲ್ಲಿ ಕಟ್ಟಬೇಕು ಅಂತ ನಾವು ಆರಿಸಬಹುದು, ಆಮೆಗೆ ಅಷ್ಟು ಆಯ್ಕೆ ಇಲ್ಲ.

ಮಗಳಿಗೆ ಭೂಪಟ ತೆಗೆದು ತೋರಿಸಿ. ನಮ್ಮ ದೇಶದ ದಕ್ಷಿಣದ ತುದಿ ಇಂದಿರಾ ಪಾಯಿಂಟ್, ಅದರ ಹತ್ತಿರವೇ ಈ ಕೊಲ್ಲಿ. ಅಂಡಮಾನಿನಲ್ಲಿ ಮೊಟ್ಟೆ ಇಟ್ಟು ಹೋದ ಲೆದರ್‌ಬ್ಯಾಕ್‌ಗಳು ಆಫ್ರಿಕಾ ಕಡೆಗೂ ಆಸ್ಟ್ರೇಲಿಯಾ ಕಡೆಗೂ ಈಜಿದ್ದನ್ನು ಉಪಗ್ರಹದಿಂದ ಕಂಡಿದ್ದಾರೆ. ಆ ದಾರಿಯ ಮೇಲೆ ಅವಳ ಬೆರಳು ಓಡಿಸಿ.