ಬ್ಯಾಗ್ ಆಮೇಲೆ ನೋಡೋಣ, ಮೊದಲು ಎರಡು ಲೆನ್ಸ್ ಮನೆಯಲ್ಲೇ ಬಿಡಿ

ಜುಲೈನಲ್ಲಿ ಆಗುಂಬೆ, ಶೃಂಗೇರಿ, ಉಡುಪಿ ಸುತ್ತಿ ಮಂಗಳೂರಿಂದ ವಿಮಾನದಲ್ಲಿ ವಾಪಸ್. ಕ್ಯಾಮೆರಾ ಬಾಡಿ, ಮೂರು ಲೆನ್ಸ್, ಟ್ರೈಪಾಡ್ ಎಲ್ಲ ಹಿಡಿಸಬೇಕು, ಆದರೂ ಹಗುರ ಇರಬೇಕು, ಎಂಟು ಸಾವಿರದೊಳಗೆ ಯಾವ ಕ್ಯಾಮೆರಾ ಬ್ಯಾಗ್ ತಗೊಳ್ಳಲಿ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ನಾನೂ ಒಂದು ದೊಡ್ಡ ಬ್ಯಾಗ್ ತಗೊಂಡೆ. ಇಂಥದೇ ಮಳೆಗಾಲದಲ್ಲಿ ಇದೇ ದಾರಿ ಹಿಡಿದು ಹೊರಟೆ. ಆ ಪ್ರವಾಸದಲ್ಲಿ ನನ್ನ ಹತ್ತಿರ ಇದ್ದ ಎಲ್ಲಕ್ಕಿಂತ ದುಬಾರಿ ಲೆನ್ಸ್ ಹಾಳಾಯಿತು. ಅದು ಕೆಳಗೆ ಬಿದ್ದಿರಲಿಲ್ಲ, ಒಂದು ಹನಿ ಮಳೆಗೂ ಅದನ್ನು ಒಡ್ಡಿರಲಿಲ್ಲ. ಹೊರಟಾಗಿನಿಂದ ಮನೆಗೆ ಬರುವ ತನಕ ಅದು ಬ್ಯಾಗಿಂದ ಹೊರಗೇ ಬರಲಿಲ್ಲ. ಹಾಳಾದದ್ದೂ ಅದಕ್ಕೇ.

ನನ್ನ ಹತ್ತಿರ ಆಗ ಇದ್ದದ್ದು ಕ್ಯಾನನ್ 6ಡಿ, 24-105 ಎಫ್ 4 ಜೂಮ್, ಅಗಲದ ನೋಟಕ್ಕೆ 16-35 ಎಫ್ 4 ವೈಡ್, ಮತ್ತು ದೂರದ್ದನ್ನು ಹತ್ತಿರ ತರಲು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ 70-200 ಎಫ್ 2.8 ಟೆಲಿ. ತೂಕ ಕೂಡಿಸಿ ನೋಡಿ. ಬಾಡಿ ಬ್ಯಾಟರಿ ಸೇರಿ ಸುಮಾರು 770 ಗ್ರಾಂ, 24-105 ಒಂದು 670, 16-35 ಒಂದು 615, ಆ ಟೆಲಿ ಒಂದೇ 1,490. ಅಲ್ಲಿಗೇ ಮೂರೂವರೆ ಕೆಜಿ. ಟ್ರೈಪಾಡ್ ಒಂದೂವರೆ ಕೆಜಿ, ಚಾರ್ಜರ್, ಬ್ಯಾಟರಿ, ಫಿಲ್ಟರ್ ಎಲ್ಲ ಸೇರಿ ಅರ್ಧ. ಇನ್ನು ಬ್ಯಾಗ್ ಖಾಲಿ ಇದ್ದಾಗಲೇ ಎರಡು ಕೆಜಿ ಮೇಲಿತ್ತು, ದಪ್ಪ ಫೋಮು, ಒಳಗೋಡೆಗಳು, ಹತ್ತಾರು ಜಿಪ್ಪು. ಒಂದು ಅಂಗಿ ಮಡಚಿ ಇಡುವ ಮೊದಲೇ ಏಳೂವರೆ ಕೆಜಿ ದಾಟಿತು. ದೇಶದೊಳಗಿನ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಬ್ಯಾಗಿಗೆ ಸಾಮಾನ್ಯವಾಗಿ ಬಿಡುವುದೇ 7 ಕೆಜಿ. ಹಾಗಾಗಿ ನೀವು ಕೇಳುತ್ತಿರುವ ಬ್ಯಾಗ್ ಯಾವ ಕಂಪನಿಯೂ ಮಾಡುವುದಿಲ್ಲ. ಅಷ್ಟು ಸಾಮಾನು ಹಿಡಿಸಿದರೆ ಹಗುರ ಆಗುವುದಿಲ್ಲ, ಅಷ್ಟೇ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು, ದೊಡ್ಡ ಬಸ್ ತಿರುಗುವುದಿಲ್ಲ, ಮಿನಿ ಬಸ್ಸೇ ಗತಿ. ಅದರಲ್ಲಿ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಕೂತರೆ ಪಕ್ಕದವರಿಗೆ ಜಾಗ ಇಲ್ಲ. ಕುಂದಾದ್ರಿ ಬೆಟ್ಟ ಹತ್ತಿದಾಗ ಮೋಡವೇ ಕೈಗೆ ಸಿಗುವಷ್ಟು ಮಂಜು, ಇಪ್ಪತ್ತು ಅಡಿ ಆಚೆಯ ಬಸದಿ ಕಂಡರೆ ಹೆಚ್ಚು. ಅಂಥ ಕಡೆ 200 ಎಂಎಂ ಲೆನ್ಸ್ ಹಾಕಿದರೆ ಬಿಳಿ ಪರದೆ ಬಿಟ್ಟು ಏನೂ ಸಿಗದು. ಜೋಗಿಗುಂಡಿ ಜಲಪಾತದ ದಾರಿಯಲ್ಲಿ ಕಾಲಿಗೆ ಇಂಬಳ ಹತ್ತಿದಾಗ, ಮಳೆಯಲ್ಲಿ ನಿಂತು ಬ್ಯಾಗ್ ಬಿಚ್ಚಿ ಲೆನ್ಸ್ ಬದಲಾಯಿಸುವ ಧೈರ್ಯ ಯಾರಿಗಿರುತ್ತದೆ? ಹೊರಟ ದಿನ ಕ್ಯಾಮೆರಾಕ್ಕೆ ಸಿಕ್ಕಿಸಿದ 24-105 ಕೊನೆಯವರೆಗೂ ಹೆಚ್ಚುಕಡಿಮೆ ಹಾಗೇ ಇತ್ತು.

ಈಗ ಆ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ತಗೊಳ್ಳಲಿರುವ ಬ್ಯಾಗಿನ ಜೊತೆಗೂ ಒಂದು ರೇನ್ ಕವರ್ ಬರುತ್ತದೆ, ನೀವೂ ಅದನ್ನು ನಂಬುತ್ತೀರಿ. ಕವರ್ ಬ್ಯಾಗನ್ನು ಹೊರಗಿನಿಂದ ಮುಚ್ಚುತ್ತದೆ, ಬೆನ್ನಿನ ಕಡೆ ತೆರೆದೇ ಇರುತ್ತದೆ. ಜರ್ಕಿನ್ ಮೇಲೆ ಬಿದ್ದ ಮಳೆ ಕತ್ತಿನಿಂದ ಇಳಿದು ಬೆನ್ನಿಗೂ ಬ್ಯಾಗಿಗೂ ನಡುವೆ ಹರಿಯುತ್ತದೆ. ಹೆಗಲಿನ ಪಟ್ಟಿ ನೀರು ಕುಡಿದು ಅದನ್ನು ಬ್ಯಾಗಿಗೆ ದಾಟಿಸುತ್ತದೆ. ಬೆವರು ಬೇರೆ. ಅಷ್ಟೂ ನೀರು ಇಳಿದು ಕವರಿನ ತಳದಲ್ಲಿ ನಿಲ್ಲುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಹೊರಗಿನ ನೀರನ್ನು ತಡೆಯುವ ಬಟ್ಟೆ ಒಳಗಿನ ನೀರನ್ನೂ ಅಷ್ಟೇ ಚೆನ್ನಾಗಿ ಹಿಡಿದಿಡುತ್ತದೆ. ಆ ತಳಕ್ಕೆ ಒತ್ತಿಕೊಂಡೇ ನನ್ನ 70-200 ಮಲಗಿತ್ತು. ಉಪಯೋಗಕ್ಕೆ ಬರುವುದು ಮೇಲೆ, ಭಾರದ್ದು ಕೆಳಗೆ ಅಂತ ನಾನೇ ಇಟ್ಟದ್ದು.

ಸಂಜೆ ಹೋಂಸ್ಟೇ ಜಗಲಿಯಲ್ಲಿ ಕವರ್ ಕಳಚಿದಾಗ ಒಂದು ಲೋಟದಷ್ಟು ನೀರು ನೆಲಕ್ಕೆ ಚೆಲ್ಲಿತು. ಜಿಪ್ ತೆಗೆದು ಕೈ ಹಾಕಿ ಮುಟ್ಟಿ ನೋಡಿದೆ. ಲೆನ್ಸ್ ಒಣಗಿತ್ತು, ಒಳಗಿನ ನೈಲಾನ್ ಬಟ್ಟೆಯೂ ಒಣಗಿದಂತೆಯೇ ಇತ್ತು. ಆದರೆ ಆ ಬಟ್ಟೆಯ ಹಿಂದಿನ ಫೋಮ್ ನೀರು ಕುಡಿದು ಕೂತಿತ್ತು. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ್ದರೆ ಹೊಲಿಗೆಯ ತೂತುಗಳಿಂದ ನೀರು ಜಿನುಗುತ್ತಿತ್ತು, ಎಷ್ಟೋ ದಿನ ಕಳೆದ ಮೇಲೆ ಹಾಗೆ ಮಾಡಿ ನೋಡಿದಾಗಲೇ ಅದು ಗೊತ್ತಾದದ್ದು. ಮನೆಯ ಅಮ್ಮ ನನ್ನ ಒದ್ದೆ ಬಟ್ಟೆಯನ್ನು ಬಚ್ಚಲೊಲೆ ಹತ್ತಿರ ಹರವುತ್ತಾ, “ಆ ಚೀಲವನ್ನೂ ಖಾಲಿ ಮಾಡಿ ಇಲ್ಲಿ ತಂದಿಡಿ ಮಾರಾಯ್ರೇ, ಮಳೆಗಾಲದಲ್ಲಿ ಮುಚ್ಚಿಟ್ಟದ್ದಕ್ಕೆಲ್ಲ ಬೂಷ್ಟು ಹಿಡೀತದೆ” ಅಂದರು. ಕ್ಯಾಮೆರಾವನ್ನು ಹೊಗೆ ಹತ್ತಿರ ಇಡುವುದುಂಟೇ ಅಂದುಕೊಂಡು ನಾನು ಜಿಪ್ ಎಳೆದು ಮಲಗಿದೆ. ಅವರು ಖಾಲಿ ಚೀಲ ಕೇಳಿದ್ದರು, ಕ್ಯಾಮೆರಾ ಕೇಳಿರಲಿಲ್ಲ. ಆ ಮಾತು ಕೇಳಿದ್ದರೆ ಲೆನ್ಸ್ ಉಳಿಯುತ್ತಿತ್ತು.

ಅಲ್ಲಿಂದ ಶೃಂಗೇರಿ, ಅಲ್ಲಿಂದ ಕರಾವಳಿ. ಪ್ರತಿದಿನ ಬ್ಯಾಗ್ ಮತ್ತಷ್ಟು ನೆನೆಯಿತು, ತಳದ ಖಾನೆ ಒಮ್ಮೆಯೂ ಬಿಸಿಲು ಗಾಳಿ ಕಾಣಲಿಲ್ಲ. ಮನೆಗೆ ಬಂದು ಬಟ್ಟೆ ಒಗೆಯಲು ಹಾಕಿದೆ, ಕ್ಯಾಮೆರಾ ಮತ್ತು 24-105 ಮೇಜಿನ ಮೇಲೆ ಇಟ್ಟುಕೊಂಡು ಫೋಟೋ ನೋಡಿದೆ, ಬ್ಯಾಗನ್ನು ಹಾಗೇ ಬೀರುವಿನ ಮೇಲೆ ಏರಿಸಿದೆ. ಫಂಗಸ್‌ನ ಬೀಜಾಣು ಗಾಳಿಯಲ್ಲಿ ಎಲ್ಲ ಕಡೆ ಇರುತ್ತದೆ, ಲೆನ್ಸ್ ಒಳಗೂ ಸೇರಿರುತ್ತದೆ. ತೇವ, ಕತ್ತಲೆ, ಅಲುಗದ ಗಾಳಿ ಇಷ್ಟು ಸಿಕ್ಕರೆ ಸಾಕು, ಮೊಳೆಯುತ್ತದೆ. ಒದ್ದೆ ಫೋಮಿನ ಮಧ್ಯೆ ಜಿಪ್ ಹಾಕಿದ ಖಾನೆಗಿಂತ ಒಳ್ಳೆಯ ಜಾಗ ಅದಕ್ಕೆ ಇನ್ನೆಲ್ಲಿ ಸಿಗಬೇಕು?

ಅತ್ತೆಯ ಮಗಳ ಮದುವೆಗೆ ಆ ಲೆನ್ಸ್ ತೆಗೆದಾಗಲೇ ಗೊತ್ತಾದದ್ದು. ಕಿಟಕಿಗೆ ಬೆನ್ನು ಮಾಡಿ ಕೂತವರ ಫೋಟೋ ಎಲ್ಲ ಹಾಲು ಬೆರೆಸಿದಂತೆ ಮಾಸಲು. ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನಿಂದ ಇಣುಕಿದರೆ ಒಳಗಿನ ಒಂದು ಗಾಜಿನ ಅಂಚಿನಿಂದ ನಡುವಿನ ಕಡೆಗೆ ಬಿಳಿ ಎಳೆಗಳು ಕವಲೊಡೆದು ಹಬ್ಬಿದ್ದವು. ರಿಪೇರಿಯವರು ಬಿಚ್ಚಿ ಒರೆಸಿದರು. ಎಳೆಗಳು ಹೋದವು, ಆದರೆ ಅವು ಇದ್ದ ಜಾಗದಲ್ಲಿ ಗಾಜಿನ ಲೇಪನವನ್ನೇ ತಿಂದಿದ್ದವು. ಅದು ಒರೆಸಿದರೆ ಹೋಗುವುದಲ್ಲ. ಕೊನೆಗೆ ಇದ್ದ ವಿಷಯ ಹೇಳಿಯೇ, ಕೊಂಡದ್ದಕ್ಕಿಂತ ಬಹಳ ಕಡಿಮೆಗೆ ಮಾರಿದೆ. ಅದೇ ಬ್ಯಾಗಿನಲ್ಲಿ ಬಂದ 24-105ಕ್ಕೆ ಏನೂ ಆಗಿರಲಿಲ್ಲ. ಅದು ದಿನವೂ ಕೈಯಲ್ಲಿತ್ತು, ದಿನವೂ ಒರೆಸಿಕೊಳ್ಳುತ್ತಿತ್ತು.

ಆದ್ದರಿಂದ ನನ್ನ ಉತ್ತರ: ಕ್ಯಾಮೆರಾ ಬ್ಯಾಗೇ ಬೇಡ. ಕ್ಯಾಮೆರಾಕ್ಕೆ ಒಂದು ಜೂಮ್, 24-105 ಅಥವಾ ನಿಮ್ಮ ಕ್ಯಾಮೆರಾಕ್ಕೆ ಹೊಂದುವ ಅದೇ ಬಗೆಯದು. ದೇವಸ್ಥಾನದ ಒಳಗಿನ ಕತ್ತಲೆಗೆ, ಊಟದ ಮನೆಗೆ, ಸಂಜೆಗೆ ಒಂದು ಪುಟ್ಟ 50 ಎಂಎಂ ಎಫ್ 1.8. ಅದು 160 ಗ್ರಾಂ, ಜರ್ಕಿನ್ ಜೇಬಿನಲ್ಲಿ ಹೋಗುತ್ತದೆ. ಟೆಲಿಯೂ ವೈಡೂ ಮನೆಯಲ್ಲಿ ಇರಲಿ. “ಒಂದು ವೇಳೆ ಬೇಕಾದರೆ” ಅಂತ ಹೊತ್ತ ಲೆನ್ಸ್ ಬೇಕಾಗುವ ಹೊತ್ತಿಗೆ ಎಂದೂ ಕೈಗೆ ಸಿಗುವುದಿಲ್ಲ. ದಾಂಡೇಲಿಗೆ ಮಂಗಟ್ಟೆ ಹಕ್ಕಿ ತೆಗೆಯಲಿಕ್ಕೇ ಹೋಗುವುದಾದರೆ ಮಾತು ಬೇರೆ, ಆಗ ಟೆಲಿ ಒಂದನ್ನೇ ಒಯ್ಯಿರಿ. ಟ್ರೈಪಾಡ್ ಕೂಡ ಬೇಡ. ಜಲಪಾತದ ನೀರು ರೇಷ್ಮೆಯ ಹಾಗೆ ಬರಲೇಬೇಕು ಅಂತಿದ್ದರೆ ಅಂಗೈಯುದ್ದದ ಮೇಜಿನ ಟ್ರೈಪಾಡ್ ಸಾಕು. ಮಲೆನಾಡಿನಲ್ಲಿ ಅದನ್ನು ಇಡಲು ಕಲ್ಲಿಗೇನೂ ಬರಗಾಲವಿಲ್ಲ.

ಬ್ಯಾಗ್ ಅಂದರೆ ಚಾರಣಕ್ಕೆ ಬಳಸುವ 30 ಲೀಟರಿನ ಸಾದಾ ಬ್ಯಾಗ್, ಒಂದು ಕೆಜಿಯ ಆಸುಪಾಸಿನದು. ಒಳಗೆ ಇಡಲು ಫೋಮಿನ ಚಿಕ್ಕ ಇನ್ಸರ್ಟ್, ಬಾಡಿ ಮತ್ತು ಒಂದು ಲೆನ್ಸ್ ಹಿಡಿಸುವಷ್ಟು. ಮುಖ್ಯವಾದದ್ದು, ಆ ಇನ್ಸರ್ಟ್ ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗಿನ ಒಳಗೆ ಇರಬೇಕು. ಹತ್ತು ಲೀಟರಿನದು ಸಾಕು. ಹೊರಗಿನ ಬ್ಯಾಗ್ ಎಷ್ಟು ಬೇಕಾದರೂ ನೆನೆಯಲಿ, ಬಟ್ಟೆ ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ. ಕೆಳಗೆ ಬಟ್ಟೆ, ಅದರ ಮೇಲೆ ಬೆನ್ನಿಗೆ ತಾಗಿದಂತೆ ಕ್ಯಾಮೆರಾ. ಭಾರ ಬೆನ್ನಿಗೆ ಹತ್ತಿರ, ಹೆಗಲಿನ ಮಟ್ಟದಲ್ಲಿ ಇದ್ದರೆ ಹಿಂದಕ್ಕೆ ಎಳೆಯುವುದಿಲ್ಲ. ಒರೆಸಲು ದುಬಾರಿ ಬಟ್ಟೆ ಬೇಡ, ಎರಡು ಪಾಣಿಪಂಚೆ ಇಟ್ಟುಕೊಳ್ಳಿ. ನೀರು ಎಳೆದುಕೊಳ್ಳುತ್ತದೆ, ಫ್ಯಾನ್ ಕೆಳಗೆ ರಾತ್ರಿಯೊಳಗೆ ಒಣಗುತ್ತದೆ. ಗಾಜಿಗೆ ಮಾತ್ರ ಮೈಕ್ರೋಫೈಬರ್. ಸಾದಾ ಬ್ಯಾಗಿನ ಇನ್ನೊಂದು ಲಾಭ, ಬಸ್‌ಸ್ಟ್ಯಾಂಡಿನಲ್ಲಿ ನೋಡಿದವರಿಗೆ ಒಳಗೆ ಕ್ಯಾಮೆರಾ ಇದೆ ಅಂತ ಗೊತ್ತಾಗುವುದಿಲ್ಲ. ಹಾಗಂತ ಡಿಕ್ಕಿಗೆ ಹಾಕಬೇಡಿ.

ವಿಮಾನದ ವಿಷಯ ಚಿಕ್ಕದು. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಯಲ್ಲೇ ಒಯ್ಯಬೇಕು. ಕ್ಯಾಮೆರಾ ಬ್ಯಾಟರಿಗಳು 15 ವ್ಯಾಟ್-ಅವರ್ ಆಸುಪಾಸು, 20,000 ಎಂಎಎಚ್ ಪವರ್ ಬ್ಯಾಂಕ್ 74. ಮಿತಿ 100, ಚಿಂತೆ ಇಲ್ಲ. ಒಂದೊಂದು ಬ್ಯಾಟರಿಯ ತುದಿಗೂ ಅದರ ಕ್ಯಾಪ್ ಇರಲಿ. ನಿಮ್ಮದು ಚಿಕ್ಕ ಎಟಿಆರ್ ವಿಮಾನವಾದರೆ ತಲೆ ಮೇಲಿನ ಜಾಗ ಸಣ್ಣದು, ಮೆಟ್ಟಿಲ ಹತ್ತಿರವೇ ದೊಡ್ಡ ಬ್ಯಾಗ್ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಅಲ್ಲೂ ಇನ್ಸರ್ಟ್ ಕೈಕೊಡುವುದಿಲ್ಲ, ಕ್ಯಾಮೆರಾ ಬ್ಯಾಟರಿ ಸಮೇತ ಅದನ್ನೊಂದೇ ಎತ್ತಿಕೊಂಡು ಒಳಗೆ ಹೋಗಬಹುದು.

ಉಡುಪಿಯಲ್ಲಿ ಏಸಿ ರೂಮಾದರೆ ಬೆಳಿಗ್ಗೆ ಹೊರಡುವ ಅರ್ಧ ಗಂಟೆ ಮೊದಲು ಏಸಿ ಆರಿಸಿ, ಕ್ಯಾಮೆರಾ ಡ್ರೈ ಬ್ಯಾಗಿನೊಳಗೇ ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲಿ. ಇಲ್ಲದಿದ್ದರೆ ತಣ್ಣಗಿನ ಗಾಜಿನ ಮೇಲೆ ಆವಿ ಕೂರುತ್ತದೆ. ಪ್ರತಿ ಸಂಜೆ ಡ್ರೈ ಬ್ಯಾಗಿಂದ ಎಲ್ಲ ಹೊರಗೆ ತೆಗೆದು ಒರೆಸಿಡಿ, ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ಉಳಿದ ದುಡ್ಡಿಗೆ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ, ತೇವಾಂಶ ತೋರಿಸುವ ಪುಟ್ಟ ಮೀಟರ್, ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತಗೊಳ್ಳಿ. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಬೇಕು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಮನೆ ಸೇರಿದ ದಿನವೇ ಲೆನ್ಸ್ ಈ ಡಬ್ಬಕ್ಕೆ ಹೋಗಲಿ, ಬ್ಯಾಗೂ ಇನ್ಸರ್ಟೂ ಬಾಯಿ ತೆರೆದುಕೊಂಡು ಬಿಸಿಲಿಗೆ. ಆಮೇಲೆ ಫೋಟೋ ನೋಡಿ.

ನಿಮ್ಮ ಬಾಡಿ ಯಾವುದು, ಮೂರು ಲೆನ್ಸ್ ಯಾವುವು ಅಂತ ಬರೆದಿಲ್ಲ. ಕೆಳಗೆ ತಿಳಿಸಿದರೆ ಯಾವುದನ್ನು ಬಿಟ್ಟು ಹೋಗಬೇಕು ಅಂತ ಹೇಳುತ್ತೇನೆ. ಮನೆಯಲ್ಲಿ ಬಿಡುವ ಲೆನ್ಸನ್ನೂ ಹೊರಡುವ ಮೊದಲು ಆ ಡಬ್ಬಕ್ಕೇ ಹಾಕಿ ಹೋಗಿ.