ಓದುಗರ ಪ್ರಶ್ನೆ: 38ರಲ್ಲಿ ಬಿ.ಕಾಂ. ಸೇರುವೆ, ಗಣಿತ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನಗೆ 38 ವರ್ಷ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಪಿಯುಸಿ ಕಲಾ ವಿಭಾಗದಲ್ಲಿ ಪಾಸಾಗಿ ಇಪ್ಪತ್ತು ವರ್ಷ ಆಯ್ತು. ಮುಂದಿನ ವರ್ಷ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಸೇರಬೇಕೆಂದಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೇಗೋ ದಾಟಿದ್ದು. ಮೊನ್ನೆ ಮಗನ ಒಂಬತ್ತನೇ ಕ್ಲಾಸಿನ ಪುಸ್ತಕ ತೆಗೆದು ಎರಡು ಪುಟ ನೋಡಿ ಮುಚ್ಚಿಟ್ಟೆ. ಗಿರಾಕಿ ಲೆಕ್ಕ, ಸಂಘದ ಲೆಕ್ಕ ಬಾಯಲ್ಲೇ ಮಾಡ್ತೀನಿ. ಪುಸ್ತಕದ ಲೆಕ್ಕ ಮಾತ್ರ ಆಗಲ್ಲ. ಎಲ್ಲಿಂದ ಶುರು ಮಾಡಲಿ? ಈ ವಯಸ್ಸಲ್ಲಿ ತಲೆಗೆ ಹತ್ತುತ್ತಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಹತ್ತುತ್ತದಮ್ಮ. ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲೇ ಅದಕ್ಕೆ ಆಧಾರ ಇದೆ. ಬಾಯಲ್ಲಿ ಲೆಕ್ಕ ಮಾಡಬಲ್ಲವರಿಗೆ ಗಣಿತ ಬರೋದಿಲ್ಲ ಅನ್ನೋ ಮಾತೇ ಇಲ್ಲ. ಅದನ್ನು ಕಾಗದದ ಮೇಲೆ ಇಳಿಸುವ ಅಭ್ಯಾಸ ಇಲ್ಲ, ಅಷ್ಟೇ. ಆ ಅಭ್ಯಾಸ ಒಂಬತ್ತನೇ ಕ್ಲಾಸಿನ ಪುಸ್ತಕದಿಂದ ಶುರುವಾಗೋದಿಲ್ಲ. ನಿಮ್ಮ ಕತ್ತರಿ ಮೇಜಿನಿಂದಲೇ ಶುರುವಾಗಲಿ.

ಬ್ಲೌಸ್ ಕಟ್ ಮಾಡುವಾಗ ಏನು ಮಾಡುತ್ತೀರಿ? ಎದೆ ಸುತ್ತಳತೆ 36 ಇಂಚು ಇದ್ದರೆ ಅದರ ಕಾಲು ಭಾಗ 9. ಹೊಲಿಗೆಗೂ ಸಡಿಲಕ್ಕೂ ಒಂದಿಷ್ಟು ಸೇರಿಸುತ್ತೀರಿ. ಅದು ಒಬ್ಬೊಬ್ಬರಿಗೆ ಒಂದೊಂದು ಅಳತೆ, ಸದ್ಯ ಒಂದೂವರೆ ಇಂಚು ಅಂತ ಇಟ್ಟುಕೊಳ್ಳೋಣ. ಹತ್ತೂವರೆಗೆ ಗುರುತು ಹಾಕುತ್ತೀರಿ. ಸುತ್ತಳತೆ 34 ಇದ್ದರೆ ಗುರುತು 10ಕ್ಕೆ. 40 ಇದ್ದರೆ ಹನ್ನೊಂದೂವರೆಗೆ. ಅಳತೆ ಬದಲಾಗುತ್ತದೆ, ವಿಧಾನ ಬದಲಾಗೋದಿಲ್ಲ. ಆ ಬದಲಾಗುವ ಅಳತೆಗೆ ‘ಸು’ ಅಂತ ಹೆಸರಿಟ್ಟು ಹೀಗೆ ಬರೆಯಿರಿ: ಗುರುತು = ಸು ÷ 4 + 1.5. ಬೀಜಗಣಿತ ಅಂದರೆ ಇದೇ. ಪುಸ್ತಕದಲ್ಲಿ ‘ಸು’ ಬದಲು ಎಕ್ಸ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಈಗ ತಿರುಗಿಸಿ ನೋಡಿ. ಕಟ್ ಮಾಡಿಟ್ಟ ಒಂದು ಪೀಸ್ ಸಿಕ್ಕಿತು, ಚೀಟಿ ಬಿದ್ದು ಹೋಗಿದೆ. ಗುರುತು 11 ಇಂಚಿಗಿದೆ. ಇದು ಯಾವ ಅಳತೆಯವರದು? 11ರಲ್ಲಿ ಒಂದೂವರೆ ತೆಗೆದರೆ ಒಂಬತ್ತೂವರೆ. ಅದರ ನಾಲ್ಕು ಪಟ್ಟು 38. ಸಮೀಕರಣ ಬಿಡಿಸೋದು ಅಂದರೆ ಹೀಗೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗೋದು. ಕೊನೆಗೆ ಮಾಡಿದ್ದನ್ನು ಮೊದಲು ಕಳಚಬೇಕು. ಕೊನೆಗೆ ಕೂಡಿಸಿದ್ದೀರಿ, ಹಾಗಾಗಿ ಮೊದಲು ಕಳೆಯಬೇಕು. ಈ ಕ್ರಮವನ್ನು ಸರಿಯಾಗಿ ಹಿಡಿದರೆ ಎಂಟನೇ ಕ್ಲಾಸಿನ ಸಮೀಕರಣಗಳು ಬಹುಪಾಲು ದಾರಿಗೆ ಬರುತ್ತವೆ.

ಬರೆಯುವಾಗ ಒಂದು ಕಡೆ ತುಂಬಾ ಎಚ್ಚರ ಬೇಕು. ಬಾಯಿಲೆಕ್ಕದಲ್ಲಿ ಪಳಗಿದವರು ಹೀಗೆ ಬರೆಯುತ್ತಾರೆ: 36 ÷ 4 = 9 + 1.5 = 10.5. ಉತ್ತರ ಸರಿ, ಬರವಣಿಗೆ ತಪ್ಪು. 36 ÷ 4 ಅಂದರೆ 9. ಅದಕ್ಕೂ 10.5ಕ್ಕೂ ನಡುವೆ ಸಮ ಚಿಹ್ನೆ ಹಾಕಿದರೆ ಎರಡೂ ಒಂದೇ ಅಂದಂತಾಯಿತು. ಸಮ ಚಿಹ್ನೆ ಅಂದರೆ ‘ಮುಂದೇನು ಬಂತು’ ಅಂತ ಅಲ್ಲ, ‘ಎರಡೂ ಕಡೆ ಇರೋದು ಅಷ್ಟಷ್ಟೇ’ ಅಂತ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಬೀಜಗಣಿತದಲ್ಲಿ ಜನ ಮುಗ್ಗರಿಸೋದು ಜಾಸ್ತಿ ಇಲ್ಲೇ. ಒಂದು ಸಾಲಿಗೆ ಒಂದೇ ಸಮ ಚಿಹ್ನೆ ಅಂತ ನಿಯಮ ಇಟ್ಟುಕೊಳ್ಳಿ. ಮುಂದಿನ ಹೆಜ್ಜೆಗೆ ಮುಂದಿನ ಸಾಲು. ನೋಟ್‌ಬುಕ್ ಬೇಗ ತುಂಬುತ್ತದೆ, ತುಂಬಲಿ ಬಿಡಿ.

ಭಿನ್ನರಾಶಿ ಕಲಿಯೋಕೆ ನಿಮ್ಮ ಟೇಪಿಗಿಂತ ಒಳ್ಳೆಯ ಸಾಧನ ಇಲ್ಲ. ಇಂಚಿನ ಕಡೆ ಒಂದು ಇಂಚನ್ನು ಎಂಟು ಭಾಗ ಮಾಡಿರುತ್ತಾರೆ. ಅರ್ಧ, ಕಾಲು, ಅರೆಕಾಲು ಮೂರನ್ನೂ ಕೂಡಿಸಿ ಅಂದರೆ ಪುಸ್ತಕದಲ್ಲಿ ಛೇದ ಸಮ ಮಾಡು ಅನ್ನುತ್ತಾರೆ. ಟೇಪಿನಲ್ಲಿ ನೋಡಿ: ಅರ್ಧ ಅಂದರೆ ನಾಲ್ಕು ಗೆರೆ, ಕಾಲು ಅಂದರೆ ಎರಡು, ಅರೆಕಾಲು ಅಂದರೆ ಒಂದು. ಒಟ್ಟು ಏಳು ಗೆರೆ, ಅಂದರೆ ಎಂಟರಲ್ಲಿ ಏಳು. ಛೇದ ಸಮ ಮಾಡೋದು ಅಂದರೆ ಎಲ್ಲವನ್ನೂ ಒಂದೇ ಅಳತೆಯ ಗೆರೆಯಲ್ಲಿ ಎಣಿಸೋದು. ಟೇಪು ತಿರುಗಿಸಿ ಸೆಂಟಿಮೀಟರ್ ಕಡೆ ನೋಡಿದರೆ ಪ್ರತಿ ಸೆಂಟಿಮೀಟರಿಗೆ ಹತ್ತು ಭಾಗ. ದಶಾಂಶ ಅಂದರೆ ಅದು. ಒಂದು ಇಂಚಿಗೆ 2.54 ಸೆಂಟಿಮೀಟರ್. ಹಾಗಾದರೆ ಮುಕ್ಕಾಲು ಇಂಚು ಎಷ್ಟು? ಮೊದಲು ಲೆಕ್ಕ ಮಾಡಿ, ಆಮೇಲೆ ಟೇಪಿನಲ್ಲಿ ನೋಡಿ. 1.905 ಬರಬೇಕು, ಟೇಪಿನಲ್ಲಿ 1.9ರ ಹತ್ತಿರ ಕಾಣುತ್ತದೆ.

ಮುಂದಿನದು ಶೇಕಡಾ. ಬಿ.ಕಾಂ.ಗೆ ಹೋಗುವವರಿಗೆ ಇದೇ ಬೆನ್ನೆಲುಬು. ನನಗೆ ಹತ್ತು ನಿಮಿಷ ಮಾತ್ರ ಕೊಟ್ಟು ಏನಾದರೂ ಒಂದು ಕಲಿಸಿ ಅಂದರೆ ನಾನು ಕಲಿಸೋದು ಒಂದೇ ಪ್ರಶ್ನೆ: ‘ಯಾವುದರ ಶೇಕಡಾ?’ ಅನ್ನೋದು. ಮಂಡಿಪೇಟೆಯಿಂದ 80 ರೂಪಾಯಿಗೆ ತಂದ ಲೈನಿಂಗ್ ಬಟ್ಟೆಯನ್ನು 100ಕ್ಕೆ ಕೊಟ್ಟಿರಿ. ಲಾಭ 20 ರೂಪಾಯಿ. ಹಾಕಿದ ದುಡ್ಡಿನ ಮೇಲೆ ನೋಡಿದರೆ ಶೇ. 25, ಮಾರಿದ ದರದ ಮೇಲೆ ನೋಡಿದರೆ ಶೇ. 20. ಎರಡೂ ಸರಿ. ಯಾವುದರ ಮೇಲೆ ಅಂತ ಹೇಳದಿದ್ದರೆ ಎರಡಕ್ಕೂ ಅರ್ಥ ಇಲ್ಲ. ಆಷಾಢದಲ್ಲಿ ಬಟ್ಟೆ ಅಂಗಡಿಯವರು ‘ಶೇ. 20 ರಿಯಾಯಿತಿ, ಅದರ ಮೇಲೆ ಇನ್ನೂ ಶೇ. 10’ ಅಂತ ಬೋರ್ಡ್ ಹಾಕುತ್ತಾರಲ್ವಾ, ಅದು ಶೇ. 30 ಅಲ್ಲ. ಸಾವಿರದ ಸೀರೆ 800 ಆಗುತ್ತದೆ. ಆಮೇಲಿನ ಹತ್ತು 800ರ ಮೇಲೆ, ಸಾವಿರದ ಮೇಲಲ್ಲ. ಹಾಗಾಗಿ 720. ಒಟ್ಟು ಇಳಿದದ್ದು ಶೇ. 28.

ಸಂಘದ ಲೆಕ್ಕ ಮಾಡ್ತೀನಿ ಅಂದಿದ್ದೀರಿ. ಹಾಗಾದರೆ ಬಡ್ಡಿಯ ಪಾಠವನ್ನು ಅಲ್ಲಿಂದಲೇ ತೆಗೆದುಕೊಳ್ಳಿ. ನಮ್ಮಲ್ಲಿ ‘ಎರಡು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ ಎರಡು. ಪುಸ್ತಕ, ಬ್ಯಾಂಕು ಎರಡೂ ವರ್ಷದ ಲೆಕ್ಕ ಹೇಳುತ್ತವೆ, ಅಲ್ಲಿ ಅದು ಶೇ. 24. ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸ ಇದೆ. 12,000 ಸಾಲ ತೆಗೆದು ತಿಂಗಳಿಗೆ ಸಾವಿರದಂತೆ ವರ್ಷದಲ್ಲಿ ಅಸಲು ತೀರಿಸುತ್ತೀರಿ ಅಂತ ಇಟ್ಟುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇ. 12. ಪೂರ್ತಿ ಸಾಲದ ಮೇಲೆ ಒಂದೇ ಸಲ ಹಾಕಿದರೆ ಬಡ್ಡಿ 1,440. ಉಳಿದ ಸಾಲದ ಮೇಲೆ ಮಾತ್ರ ಹಾಕಿದರೆ ಮೊದಲ ತಿಂಗಳು 120, ಎರಡನೇ ತಿಂಗಳು 110, ಹೀಗೆ ಇಳಿಯುತ್ತಾ ಕೊನೇ ತಿಂಗಳು 10. ಒಟ್ಟು 780. ಕರೆಯೋದು ಎರಡನ್ನೂ ‘ಶೇ. 12’ ಅಂತಲೇ. ಹಿಂದೆ ಕೇಳಿದ ಪ್ರಶ್ನೆಯೇ ಇಲ್ಲೂ ಕೆಲಸಕ್ಕೆ ಬರುತ್ತದೆ: ಯಾವುದರ ಹನ್ನೆರಡು? ಪೂರ್ತಿ ಸಾಲದ್ದೋ, ಉಳಿದ ಸಾಲದ್ದೋ? ಇದನ್ನು ಕೇಳದೆ ಸಹಿ ಹಾಕಿ ಕಷ್ಟಕ್ಕೆ ಬಿದ್ದ ಮನೆಗಳನ್ನು ನೋಡಿದ್ದೇನೆ. ಗಣಿತ ಪರೀಕ್ಷೆಗಷ್ಟೇ ಅಲ್ಲ ಅಂತ ನಾನು ಪಟ್ಟು ಹಿಡಿಯೋದು ಇದಕ್ಕೇ.

120, 110, 100 ಅಂತ ಇಳಿದು ಬಂದ ಸಂಖ್ಯೆಗಳನ್ನು ಬೇಗ ಕೂಡಿಸೋದು ಹೇಗೆ ಗೊತ್ತಾ? ಮೊದಲನೆಯದು ಮತ್ತು ಕೊನೆಯದು ಸೇರಿ 130. ಎರಡನೆಯದು ಮತ್ತು ಕೊನೆಯದರ ಹಿಂದಿನದು ಸೇರಿದರೂ 130. ಹೀಗೆ ಆರು ಜೋಡಿ, ಹಾಗಾಗಿ 780. ಮುಂದೆ ಇದೇ ಸಮಾಂತರ ಶ್ರೇಢಿ ಅನ್ನೋ ಹೆಸರಲ್ಲಿ ಬರುತ್ತದೆ. ಆಗ ಹೆದರಬೇಡಿ, ಪರಿಚಯ ಇದ್ದದ್ದೇ.

ಪುಸ್ತಕಕ್ಕೆ ದುಡ್ಡು ಹಾಕಬೇಡಿ. ರಾಜ್ಯದ ಆರು, ಏಳು, ಎಂಟನೇ ತರಗತಿಯ ಗಣಿತ ಪಠ್ಯಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆರರಲ್ಲಿ ಭಿನ್ನರಾಶಿ, ಅನುಪಾತ. ಏಳರಲ್ಲಿ ಶೇಕಡಾ, ಸರಳ ಸಮೀಕರಣ. ರೇಖಾಗಣಿತದ ಪಾಠಗಳನ್ನು ಸದ್ಯಕ್ಕೆ ದಾಟಿ ಹೋಗಿ. ದಿನಾ ಅರ್ಧ ಗಂಟೆ ಸಾಕು, ಆದರೆ ದಿನಾ ಆಗಬೇಕು. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂತರೆ ಅಷ್ಟು ಉಳಿಯೋದಿಲ್ಲ. ಉತ್ತರ ನೋಡಿಕೊಂಡು ‘ಹೌದು, ಗೊತ್ತಾಯ್ತು’ ಅನ್ನೋದೂ ಬೇಡ. ಎರಡು ದಿನ ಬಿಟ್ಟು ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡಿ, ಆಗ ಗೊತ್ತಾಗುತ್ತದೆ ಬಂತೋ ಇಲ್ಲವೋ ಅಂತ. ಬಿ.ಕಾಂ. ಪುಸ್ತಕಗಳಲ್ಲಿ ಇಂಗ್ಲಿಷ್ ಪದ ಜಾಸ್ತಿ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಛೇದ – ಡಿನಾಮಿನೇಟರ್, ಅನುಪಾತ – ರೇಶಿಯೋ, ಸಮೀಕರಣ – ಈಕ್ವೇಶನ್ ಅಂತ ಜೋಡಿ ಬರೆಯುತ್ತಾ ಹೋಗಿ. ಮತ್ತೆ, ಮಗನಿಗೆ ನೀವೇ ಒಂದೆರಡು ಲೆಕ್ಕ ವಿವರಿಸಿ. ಅವನು ‘ಯಾಕೆ?’ ಅಂತ ಕೇಳಿದಾಗ ಉತ್ತರ ಬಂದರೆ ಆ ಪಾಠ ನಿಮ್ಮದಾಯ್ತು.

ಪ್ರಶ್ನೆ: ನಾನು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ, 42 ವರ್ಷ. ಪದವಿಗೆ ಸೇರುವ ಮೊದಲು ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಲೇಬೇಕಾ? ಕ್ಯಾಲ್ಕುಲೇಟರ್ ಇದೆಯಲ್ಲ ಸರ್?

ಉತ್ತರ: ಹತ್ತರವರೆಗೆ ಬಾಯಿಗೆ ಬರಲಿ, ಸಾಕು. ಉಳಿದದ್ದನ್ನು ಮುರಿದು ಮಾಡಬಹುದು. ಕ್ಯಾಲ್ಕುಲೇಟರ್ ಬಳಸಿ, ತಪ್ಪೇನಿಲ್ಲ. ಆದರೆ ಒತ್ತುವ ಮೊದಲು ಸುಮಾರು ಉತ್ತರ ಮನಸ್ಸಿನಲ್ಲಿ ಇರಬೇಕು. 48 ಚೀಲ, ಒಂದೊಂದು 52 ಕೆಜಿ ಅಂದರೆ 50 ಸಲ 50, ಸುಮಾರು 2,500. ಕ್ಯಾಲ್ಕುಲೇಟರ್ 24,960 ತೋರಿಸಿದರೆ ಎಲ್ಲೋ ಒಂದು ಸೊನ್ನೆ ಜಾಸ್ತಿ ಒತ್ತಿದ್ದೀರಿ ಅಂತ ತಕ್ಷಣ ಗೊತ್ತಾಗುತ್ತದೆ. ಸರಿಯಾದ ಉತ್ತರ 2,496. 50ಕ್ಕಿಂತ ಎರಡು ಕಡಿಮೆ, ಎರಡು ಜಾಸ್ತಿ ಇರುವ ಸಂಖ್ಯೆಗಳ ಗುಣಲಬ್ಧ 2,500ಕ್ಕಿಂತ ಎರಡರ ವರ್ಗದಷ್ಟು, ಅಂದರೆ 4 ಕಡಿಮೆ. 47 ಮತ್ತು 53 ಆದರೆ 9 ಕಡಿಮೆ. ನೀವೇ ಮಾಡಿ ನೋಡಿ.

ಇನ್ನೊಂದು ವಿಷಯ. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ 2 + 3 × 4 ಒತ್ತಿದರೆ ಸಾಮಾನ್ಯವಾಗಿ 20 ಬರುತ್ತದೆ, ಒತ್ತಿದ ಕ್ರಮದಲ್ಲೇ ಅದು ಲೆಕ್ಕ ಮಾಡುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ 14. ಪರೀಕ್ಷೆಯಲ್ಲಿ ಸರಿ ಅನ್ನೋದು 14 ಮಾತ್ರ, ಯಾಕೆಂದರೆ ಗುಣಾಕಾರ ಮೊದಲು. ನಿಮ್ಮ ಹತ್ತಿರ ಯಾವ ನಮೂನೆಯದು ಇದೆ ಅಂತ ಇವತ್ತೇ ಪರೀಕ್ಷಿಸಿ.

ಪ್ರಶ್ನೆ: ಹಿರಿಯೂರಿನಿಂದ. ಬಿ.ಎ. ಅರ್ಥಶಾಸ್ತ್ರ ತೆಗೆದುಕೊಳ್ಳಬೇಕೆಂದಿದ್ದೇನೆ. ಗ್ರಾಫ್ ನೋಡಿದರೆ ಏನೂ ಅರ್ಥ ಆಗಲ್ಲ. ಮದುವೆಯಾಗಿ ಓದು ಬಿಟ್ಟು ಹತ್ತು ವರ್ಷ ಆಗಿದೆ.

ಉತ್ತರ: ಹಿರಿಯೂರಿನವರು ಅಂದ್ರಿ, ಹಾಗಾದರೆ ವಾಣಿವಿಲಾಸ ಸಾಗರದ ನೀರಿನ ಮಟ್ಟವನ್ನು ಮಳೆಗಾಲದಲ್ಲಿ ಪೇಪರಿನಲ್ಲಿ ನೋಡಿಯೇ ನೋಡುತ್ತೀರಿ. ಪೂರ್ಣ ಮಟ್ಟ 130 ಅಡಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಿಮ್ಮೂರಲ್ಲಿ ಅದೇ ಮಾತಿತ್ತು. ಒಂದು ತಿಂಗಳು ದಿನದ ಮಟ್ಟ ಬರೆದಿಡಿ. ಗ್ರಾಫ್ ಹಾಳೆಯಲ್ಲಿ ಕೆಳಗೆ ಅಡ್ಡಕ್ಕೆ ದಿನ, ಎಡಕ್ಕೆ ಮೇಲ್ಮುಖವಾಗಿ ಅಡಿ. ಚುಕ್ಕೆ ಇಟ್ಟು ಗೆರೆ ಎಳೆಯಿರಿ.

ಈಗ ಗೆರೆ ಓದೋದು. ಹೊಸಬರು ಎಡವೋದು ಇಲ್ಲಿ: ಗೆರೆ ಎತ್ತರದಲ್ಲಿದೆ ಅಂದರೆ ನೀರು ಜೋರಾಗಿ ಬರ್ತಿದೆ ಅಂದುಕೊಳ್ಳುತ್ತಾರೆ. ಎತ್ತರ ಹೇಳೋದು ಈಗ ಮಟ್ಟ ಎಷ್ಟಿದೆ ಅಂತ. ಮಟ್ಟ ಎಷ್ಟು ಬೇಗ ಏರುತ್ತಿದೆ ಅಂತ ಹೇಳೋದು ಗೆರೆಯ ಕಡಿದು. ಐದು ದಿನದಲ್ಲಿ 100 ಅಡಿಯಿಂದ 110ಕ್ಕೆ ಏರಿದರೆ ದಿನಕ್ಕೆ ಎರಡು ಅಡಿ, ಅದೇ ಇಳಿಜಾರು. ಗೆರೆ ಮಟ್ಟಸವಾಗಿದ್ದರೆ ಒಳಹರಿವು ನಿಂತಿದೆ ಅಂತಲೇ ಅಲ್ಲ. ಬಂದಷ್ಟೇ ಹೊರಗೂ ಹೋಗುತ್ತಿರಬಹುದು. ಅರ್ಥಶಾಸ್ತ್ರದಲ್ಲೂ ಹೀಗೇ. ‘ಬೆಲೆ ಏರಿಕೆಯ ದರ ಇಳಿದಿದೆ’ ಅಂದರೆ ಬೆಲೆ ಇಳಿಯಿತು ಅಂತ ಅಲ್ಲ, ಏರುತ್ತಲೇ ಇದೆ, ಸ್ವಲ್ಪ ನಿಧಾನವಾಗಿ. ಗೆರೆ ಮೇಲಕ್ಕೇ ಹೋಗುತ್ತಿದೆ, ಕಡಿದು ಕಡಿಮೆಯಾಗಿದೆ.

ಇನ್ನೊಂದು ಮಾತು ಗಮನದಲ್ಲಿರಲಿ. 65 ಅಡಿ ಅಂದರೆ ಜಲಾಶಯ ಅರ್ಧ ತುಂಬಿದೆ ಅಂತ ಅಲ್ಲ. ಕಣಿವೆ ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ಕೆಳಗಿನ ಒಂದು ಅಡಿಗಿಂತ ಬಹಳ ಜಾಸ್ತಿ. ಹಾಗಾಗಿ ಯಾವ ಗ್ರಾಫ್ ಕೈಗೆ ಬಂದರೂ ಗೆರೆ ನೋಡುವ ಮೊದಲು ಎಡಗಡೆ ಏನು ಬರೆದಿದ್ದಾರೆ, ಅಡಿಯೋ ಟಿಎಂಸಿಯೋ, ರೂಪಾಯಿಯೋ ಶೇಕಡಾವೋ ಅಂತ ಓದಿ. ಎಣಿಕೆ ಸೊನ್ನೆಯಿಂದ ಶುರುವಾಗಿದೆಯಾ ಅಂತಲೂ ನೋಡಿ. 120ರಿಂದ ಶುರು ಮಾಡಿದರೆ ಎರಡು ಅಡಿಯ ಏರಿಕೆಯೂ ಬೆಟ್ಟದಂತೆ ಕಾಣುತ್ತದೆ. ಒಂದು ತಿಂಗಳ ಹಾಳೆ ಆದ ಮೇಲೆ ಅದೇ ಅಂಕಿಗಳನ್ನು ಎರಡು ಬೇರೆ ಅಳತೆಯಲ್ಲಿ ಬಿಡಿಸಿ, ಅಕ್ಕಪಕ್ಕ ಇಟ್ಟು ನೋಡಿ.